ಧಾರವಾಡ ಸ್ಟೇಷನ್ನೂ ಜೋಶಿ ಆಜಿಯ ಮೊಣಕಾಲೂ

ಹೋದ ಭಾನುವಾರ ಹಿಂದಿನ ದಿನದ ಹುಳಿಯನ್ನು ಮೈಕ್ರೋವೇವ್ ಓವನ್ನಿನಲ್ಲಿ ಬಿಸಿಗಿಟ್ಟೆ. ಅರ್ಧ ನಿಮಿಷವೂ ಆಗಿರಲಿಲ್ಲ, ಒಳಗಿನ ಕೋಣೆಯಿಂದ ಮಗಳು ಮೇಘಾ ಕೂಗಿದಳು.

"ಮಮ್ಮಿ, ಓವನ್ ಬಂದ್ ಕರೋ ನಾ! ಗಾನಾ ಕಟ್ ಕಟ್ ಕೇ ಆ ರಹಾ ಹೈ!"

ಓವನ್ ಆರಿಸಬೇಕಂತೆ, ಹಾಡು ತುಂಡುತುಂಡಾಗಿ ಬರುತ್ತಿದೆಯಂತೆ. ಅವಳ ಕಿವಿಯಲ್ಲಿ ತಂತಿಯಿಲ್ಲದ ಇಯರ್‌ಫೋನು. ಅದಕ್ಕೆ ಹಾಡು ತಂದುಕೊಡುವ ಅಲೆಗಳೂ ನಮ್ಮ ಹುಳಿಯನ್ನು ಕಾಯಿಸುವ ಅಲೆಗಳೂ ಹೆಚ್ಚುಕಡಿಮೆ ಒಂದೇ ಜಾತಿಯವು. ಓವನ್ನಿನ ಬಾಗಿಲ ಸಂದಿಯಿಂದ ಒಂದಿಷ್ಟು ಸೋರಿದರೂ ಸಾಕು, ಪಾಪದ ಇಯರ್‌ಫೋನಿಗೆ ಹಾಡು ಯಾವುದು, ಹುಳಿ ಯಾವುದು ಗೊತ್ತಾಗುವುದಿಲ್ಲ. ಇದನ್ನು ಮಗಳಿಗೆ ವಿವರಿಸಲು ಹೋದೆ. ಅವಳು "ಮಮ್ಮಿ, ಪ್ಲೀಸ್" ಎಂದು ಬಾಗಿಲು ಹಾಕಿಕೊಂಡಳು. ಬಾಯಿಗೆ ಬಂದ ವಿವರಣೆಯನ್ನು ನುಂಗಿಕೊಳ್ಳುವ ಅಭ್ಯಾಸ ನನಗಿಲ್ಲ. ಆದ್ದರಿಂದ ನಿಮ್ಮ ಮುಂದೆ ಬಂದು ಕೂತಿದ್ದೇನೆ.

ಗದ್ದಲಕ್ಕೂ ನನಗೂ ಹಳೆಯ ನಂಟು. ಮೈಸೂರಿನಲ್ಲಿ ನಾನು ಚಿಕ್ಕವಳಿದ್ದಾಗ ನಮ್ಮ ಮನೆಯ ಕಪ್ಪುಬಿಳುಪು ಟೀವಿ ನೋಡಲು ಪಕ್ಕದ ಮನೆಯ ಕಮಲಮ್ಮನವರು ಬರುತ್ತಿದ್ದರು. ಅವರ ಯಜಮಾನರದ್ದು ಒಂದು ಹಳೆಯ ಸ್ಕೂಟರು. ಅದು ಬೀದಿಯ ತಿರುವಿಗೆ ಬಂದ ಕೂಡಲೇ ಅದರ ಪ್ಲಗ್ಗಿನ ಕಿಡಿ ನಮ್ಮ ಟೀವಿಯ ಪರದೆಯ ಮೇಲೆ ಬಿಳಿ ಚುಕ್ಕಿಗಳ ಗೆರೆಯಾಗಿ ಓಡುತ್ತಿತ್ತು. ಸಿನಿಮಾದ ನಾಯಕಿ ಸಾಯುತ್ತಿದ್ದರೂ ಸರಿ, ಕಮಲಮ್ಮ ಸೆರಗು ಕೊಡವಿಕೊಂಡು ಎದ್ದುಬಿಡುವರು. "ಗೆರೆ ಬಂತು ಕಣ್ರೀ, ಕಾಫಿಗಿಡ್ಬೇಕು." ಯಜಮಾನರು ಗೇಟು ತೆಗೆಯುವ ಹೊತ್ತಿಗೆ ಇವರು ಹಾಲು ಕಾಯಿಸುತ್ತಿದ್ದರು. ಹೆಂಡತಿ ತನಗಾಗಿ ಹಗಲೆಲ್ಲ ಬಾಗಿಲಲ್ಲೇ ಕಾಯುತ್ತಾಳೆಂದು ಆ ಮನುಷ್ಯ ಕೊನೆಯವರೆಗೂ ನಂಬಿದ್ದರು.

ಇರಲಿ. ನಾನು ಹೇಳಹೊರಟದ್ದು ಮುಂಬಯಿ ಬಳಿಯ ಡೊಂಬಿವಲಿಯ ಮಾತು, ಹತ್ತು ವರ್ಷದ ಹಿಂದಿನದು. ಆಗ ನಾವು ರೈಲ್ವೆ ಸ್ಟೇಷನ್ನಿಗೆ ಹತ್ತಿರದ, ಲಿಫ್ಟಿಲ್ಲದ ಒಂದು ಬಿಲ್ಡಿಂಗಿನ ನಾಲ್ಕನೇ ಮಹಡಿಯಲ್ಲಿದ್ದೆವು. ಮೇಘಾಳಿಗೆ ಎಂಟು ವರ್ಷ. ನನ್ನ ಗಂಡ ಬೆಳಿಗ್ಗೆ ಏಳೂವರೆಯ ಲೋಕಲ್ ರೈಲು ಹಿಡಿದು ಹೋದರೆ ಬರುವಾಗ ರಾತ್ರಿ ಊಟದ ಹೊತ್ತು. ನಾನು ಐರೋಲಿಯ ಒಂದು ಆಫೀಸಿನಲ್ಲಿ ಬೆಳಗಿನ ಪಾಳಿ ಮಾಡಿ ನಾಲ್ಕೂವರೆಗೆ ಮನೆ ಸೇರುತ್ತಿದ್ದೆ. ಅಲ್ಲಿ ಮೊಬೈಲ್ ಫೋನಿನ ತಂತ್ರಾಂಶ ಸರಿಯಾಗಿದೆಯೋ ಇಲ್ಲವೋ ನೋಡುವುದು ನನ್ನ ಕೆಲಸ. ಅಂದರೆ ಗುಂಡಿ ಒತ್ತುವುದು, ಆಗದಿದ್ದರೆ "ಆಗಲಿಲ್ಲ" ಎಂದು ಬರೆಯುವುದು. ಆದರೆ ಮನೆಯವರ ಲೆಕ್ಕದಲ್ಲಿ ತಂತಿಯಿಲ್ಲದೆ ಮಾತಾಡುವ ವಸ್ತುಗಳೆಲ್ಲ ನನ್ನ ಇಲಾಖೆ. ನಾನೂ ಅದನ್ನು ತಿದ್ದಲು ಹೋಗಿರಲಿಲ್ಲ.

ಮಾವನವರು ತೀರಿಕೊಂಡ ಮೇಲೆ ಅತ್ತೆ ಧಾರವಾಡದಿಂದ ನಮ್ಮಲ್ಲಿಗೆ ಬಂದರು. ಬರುವಾಗ ಸೀರೆಗಳ ನಡುವೆ ಸುತ್ತಿ ಒಂದು ಟ್ರಾನ್ಸಿಸ್ಟರನ್ನೂ ತಂದರು. ಹೊತ್ತು ಮುಳುಗಿದ ಮೇಲೆ ಡೊಂಬಿವಲಿಯಲ್ಲೂ ಧಾರವಾಡ ಆಕಾಶವಾಣಿ ಸ್ಟೇಷನ್ನು ಕೇಳಿಸುತ್ತದೆ ಎಂಬುದನ್ನು ನಮಗೆ ತೋರಿಸಿಕೊಟ್ಟವರು ಅವರೇ. ಹಗಲಿನಲ್ಲಿ ಬರೀ ಬುಸ್ಸೆನ್ನುವ ಜಾಗದಲ್ಲಿ ಸಂಜೆ ಆರೂವರೆಯ ಹೊತ್ತಿಗೆ ಮೆಲ್ಲಗೆ ಒಬ್ಬರು ಕನ್ನಡ ಮಾತಾಡತೊಡಗುವರು. ರೇಡಿಯೊವನ್ನು ಯಾವ ಕಡೆ ತಿರುಗಿಸಿದರೆ ದನಿ ಏರುತ್ತದೆ, ಯಾವ ಕಡೆಗೆ ಇಳಿಯುತ್ತದೆ ಎಂಬುದು ಅತ್ತೆಗೆ ಬೆರಳ ತುದಿಯಲ್ಲಿತ್ತು. ಅಡುಗೆಮನೆಯ ಕಿಟಕಿಯ ಬಳಿ ಚಪಾತಿ ಮಣೆಯ ಮೇಲೆ ಅದನ್ನಿಟ್ಟು, ಮಣೆಯನ್ನೇ ಅಷ್ಟಷ್ಟೇ ತಿರುಗಿಸುತ್ತ ಕೂರುವರು. ಲೋಕಲ್ ಗಾಡಿ ಹಾದಾಗ ಮೇಲಿನ ತಂತಿಗೆ ತಾಗಿ ಸಿಡಿದ ಕಿಡಿ ರೇಡಿಯೊದಲ್ಲಿ ಚರ್ರೆನ್ನುವುದು. ನನ್ನ ಮೊಬೈಲು ಹತ್ತಿರವಿದ್ದರೆ, ಅದು ರಿಂಗಾಗುವ ಮೊದಲೇ ರೇಡಿಯೊ ಟಿಕಿಟಿಕಿಟಿಕಿ ಎನ್ನುವುದು.

"ಸುಮಾ, ನಿನ್ನ ಫೋನ್ ಬರ್ಲಿಕತ್ತದ, ತೊಗೊಂಡು ಆ ಕಡೆ ಹೋಗವಾ," ಎಂದು ಅತ್ತೆ ನನ್ನನ್ನು ಅಟ್ಟುವರು.

ಆ ವರ್ಷ ಶ್ರಾವಣದಲ್ಲಿ ಅವರು ಧಾರವಾಡಕ್ಕೆ ಹೋಗಿ ತಿಂಗಳಿದ್ದು ಬಂದರು. ಬಂದವರ ಮುಖದಲ್ಲಿ ಏನೋ ಬಚ್ಚಿಟ್ಟ ಕಳೆ. ಎರಡು ದಿನ ತಡೆದರು, ಮೂರನೆಯ ದಿನ ಹೇಳಿದರು. ಗೆಳತಿ ಗಂಗಕ್ಕ ಮತ್ತು ಓಣಿಯ ಇನ್ನೂ ನಾಲ್ವರು ಹೆಂಗಸರ ಜೊತೆ ರೇಡಿಯೊ ಸ್ಟೇಷನ್ನಿಗೆ ಹೋಗಿ ಬೀಸುಕಲ್ಲಿನ ಪದ ಹಾಡಿ ಬಂದಿದ್ದಾರೆ! ನಡುವೆ ನಾಲ್ಕು ಸಾಲು ಅತ್ತೆಯವರೊಬ್ಬರದೇ. ಅಕ್ಟೋಬರಿನಲ್ಲಿ, ಬುಧವಾರ ಸಂಜೆ ಆರೂ ಮುಕ್ಕಾಲಿಗೆ ಪ್ರಸಾರ.

ಇದರ ಹಿಂದೆ ಒಂದು ಕಥೆಯಿತ್ತು. ಒಂಬತ್ತು ವರ್ಷದವರಿದ್ದಾಗ ಅತ್ತೆ ಅದೇ ಸ್ಟೇಷನ್ನಿನಲ್ಲಿ ಮಕ್ಕಳ ಕಾರ್ಯಕ್ರಮಕ್ಕೆ ಹೋಗಿದ್ದರಂತೆ. ಆಗೆಲ್ಲ ನೇರ ಪ್ರಸಾರ. ತಮ್ಮ ಸರದಿ ಬಂದು ಬಾಯಿ ತೆರೆದರೆ ಹಾಡಿನ ಬದಲು ಕೆಮ್ಮು ಬಂತು. ಕೆಮ್ಮು ಮುಗಿಯುವಷ್ಟರಲ್ಲಿ ಸರದಿಯೂ ಮುಗಿದಿತ್ತು. ಇಡೀ ಓಣಿ ಅದನ್ನು ಕೇಳಿತು. ಮದುವೆಯಾಗುವವರೆಗೂ ಅಣ್ಣಂದಿರು ಅವರನ್ನು "ಕೆಮ್ಮಿನ ಕಲಾವಿದೆ" ಎಂದು ಕರೆದರು.

"ಗಂಗಕ್ಕ ರೆಕಾರ್ಡ್ ಮಾಡಿ ಕಳಿಸ್ತಾರಲ್ಲ ಅತ್ತೆ, ಯಾವಾಗ ಬೇಕಾದ್ರೂ ಕೇಳಬಹುದು," ಎಂದೆ.

"ಹಂಗಲ್ಲವಾ. ಅವತ್ತ ಎಲ್ಲಾರೂ ಕೂಡೇ ಕೇಳಿದ್ರು, ಕೆಮ್ಮಿದ್ದು. ಇದನ್ನೂ ಎಲ್ಲಾರೂ ಕೇಳೂ ಹೊತ್ತಿನ್ಯಾಗ ನಾನೂ ಕೇಳಬೇಕು."

ಪ್ರಸಾರಕ್ಕೆ ಇನ್ನು ಎರಡು ವಾರವಿದೆ ಎನ್ನುವಾಗ ಗದ್ದಲ ಶುರುವಾಯಿತು. ಸಂಜೆ ಸರಿಯಾಗಿ ಆರೂವರೆಗೆ ಗರ್ರ್‌ ಎಂದು ಒರಟಾದ ಸದ್ದು. ಐದಾರು ಸೆಕೆಂಡು ಗರ್ರ್‌, ಆಮೇಲೆ ಸ್ವಲ್ಪ ಹೊತ್ತು ಮೌನ, ಮತ್ತೆ ಗರ್ರ್‌. ಏಳೂಕಾಲಿಗೆ ತಾನಾಗಿಯೇ ನಿಲ್ಲುವುದು. ಮರುದಿನ ಮತ್ತೆ ಅದೇ ಹೊತ್ತಿಗೆ ಹಾಜರು. ಧಾರವಾಡದಿಂದ ಬರುವ ಮಾತು ಅದರ ನಡುವೆ ಪುಡಿಪುಡಿಯಾಗುತ್ತಿತ್ತು.

"ಏನೂ ಕೇಳ್ಸವಲ್ದು ಸುಮಾ. ನೀ ಇದ್ದೀ, ಏನರೆ ಮಾಡು," ಎಂದರು ಅತ್ತೆ.

ನನ್ನ ಇಲಾಖೆಯ ಮಾನದ ಪ್ರಶ್ನೆ. ಹೊಸ ಸೆಲ್ಲು ಹಾಕಿದೆ. ನಮ್ಮ ಮನೆಯ ಫ್ರಿಜ್ಜು, ಫ್ಯಾನು, ಟ್ಯೂಬ್‌ಲೈಟುಗಳನ್ನು ಒಂದೊಂದಾಗಿ ಆರಿಸಿದೆ. ಸದ್ದು ಹಾಗೇ ಇತ್ತು. ಆಫೀಸಿನಲ್ಲಿ ಯಾರೋ ಹೇಳಿದ್ದು ನೆನಪಾಗಿ, ರೊಟ್ಟಿ ಕಟ್ಟುವ ಅಲ್ಯೂಮಿನಿಯಮ್ ಹಾಳೆಯನ್ನು ರೇಡಿಯೊಗೆ ನಾಲ್ಕು ಸುತ್ತು ಸುತ್ತಿದೆ. ಗದ್ದಲ ಪೂರ್ತಿ ನಿಂತಿತು. ಧಾರವಾಡವೂ ನಿಂತಿತು. ಅತ್ತೆ ಹಾಳೆಯನ್ನು ಬಿಚ್ಚಿ, ಮಡಚಿ, ರೊಟ್ಟಿ ಡಬ್ಬಿಯ ಪಕ್ಕದಲ್ಲಿಟ್ಟರು.

ಮೂರನೇ ಮಹಡಿಯ ಪಾಟೀಲರು ಆ ತಿಂಗಳಷ್ಟೇ ದೊಡ್ಡದೊಂದು ಮೀನಿನ ತೊಟ್ಟಿ ತಂದಿದ್ದರು. ಅದರಲ್ಲಿ ಗುಳುಗುಳು ಗಾಳಿಯೂದುವ ಪಂಪು. ಅಪರಾಧಿ ಅದೇ ಎಂದು ನಾನು ತೀರ್ಮಾನಿಸಿದೆ. ಹೋಗಿ, ನಗುನಗುತ್ತಲೇ, ಆದರೆ ಮೇಷ್ಟರ ದನಿಯಲ್ಲಿ, ಅವರ ಮೀನುಗಳಿಂದ ನಮ್ಮ ಧಾರವಾಡಕ್ಕೆ ತೊಂದರೆಯಾಗುತ್ತಿದೆ ಎಂದು ಹೇಳಿದೆ. ಆ ಪುಣ್ಯಾತ್ಮ ಕೂಡಲೇ ಪಂಪಿನ ಪ್ಲಗ್ಗು ಕಿತ್ತರು. ನಾನು ಮೆಟ್ಟಿಲು ಹತ್ತಿ ಬಂದು ನೋಡಿದರೆ ಗರ್ರ್‌ ಎನ್ನುತ್ತಲೇ ಇದೆ. ಮತ್ತೆ ಇಳಿದುಹೋಗಿ ಕ್ಷಮೆ ಕೇಳಿದೆ. "ಇಟ್ಸ್ ಓಕೆ ಮ್ಯಾಡಮ್, ಮಛಲೀ ಕೋ ಭೀ ಥೋಡಾ ಆರಾಮ್ ಮಿಲಾ," ಎಂದರು, ಮೀನಿಗೂ ಸ್ವಲ್ಪ ವಿಶ್ರಾಂತಿ ಸಿಕ್ಕಿತೆಂದು. ಆಮೇಲೆ ಎಷ್ಟೋ ದಿನ ಅವರನ್ನು ಮೆಟ್ಟಿಲ ಮೇಲೆ ಕಂಡರೆ ನಾನು ಪರ್ಸಿನಲ್ಲಿ ಏನೋ ಹುಡುಕುವವಳಂತೆ ತಲೆ ತಗ್ಗಿಸುತ್ತಿದ್ದೆ.

ನಮ್ಮನ್ನು ದಡ ಸೇರಿಸಿದವರು ಉಪಾಧ್ಯರು. ಉಡುಪಿ ಕಡೆಯವರು, ರೈಲ್ವೆ ಸ್ಟೇಷನ್ನಿನ ಬಳಿ ಅವರದೊಂದು ಸಸ್ಯಾಹಾರಿ ಹೋಟೆಲು. ನಮ್ಮ ಪಕ್ಕದ ವಿಂಗಿನಲ್ಲಿ ಮನೆ. ಅವರ ಟೆರೇಸಿನ ಮೇಲೆ ಈ ತುದಿಯಿಂದ ಆ ತುದಿಗೆ ಒಂದು ತಂತಿ ಎಳೆದಿತ್ತು. ಬಟ್ಟೆ ಒಣಗಿಸಲು ಎಂದು ನಾವೆಲ್ಲ ತಿಳಿದಿದ್ದೆವು. ಅದು ಹ್ಯಾಮ್ ರೇಡಿಯೊದ ಏರಿಯಲ್ ಎಂದು, ಉಪಾಧ್ಯರು ಸರ್ಕಾರದ ಲೈಸೆನ್ಸು ಪಡೆದು ದೂರದೂರದ ಊರುಗಳ ಹವ್ಯಾಸಿಗಳ ಜೊತೆ ಮಾತಾಡುತ್ತಾರೆ ಎಂದು ತಿಳಿದದ್ದು ಅತ್ತೆಯಿಂದ. ಮೊಮ್ಮಗಳಿಗೆ ಇಡ್ಲಿ ತಿನ್ನಿಸಲು ಹೋಟೆಲಿಗೆ ಹೋದವರು ಗಲ್ಲಾಪೆಟ್ಟಿಗೆಯ ಬಳಿ ನಿಂತು ಗದ್ದಲದ ದುಃಖ ತೋಡಿಕೊಂಡಿದ್ದರು. ಕೇಳಿದ ಉಪಾಧ್ಯರು ಗಲ್ಲಾಪೆಟ್ಟಿಗೆಯನ್ನು ತಮ್ಮನಿಗೆ ಒಪ್ಪಿಸಿ, ಅಂಗೈಯಗಲದ ಒಂದು ರೇಡಿಯೊ ಹಿಡಿದು ಅಂದೇ ಸಂಜೆ ಬಂದರು.

ಹತ್ತು ನಿಮಿಷ ಕಣ್ಣು ಮುಚ್ಚಿ ಆ ಗರ್ರನ್ನು ಸಂಗೀತದಂತೆ ಆಲಿಸಿದರು.

"ನೋಡಿ ಅಮ್ಮ, ಗದ್ದಲದಲ್ಲಿ ಎರಡು ನಮೂನೆ ಉಂಟು. ಒಂದು ದೇವರದ್ದು. ಸಿಡಿಲು, ಮಿಂಚು, ಸೂರ್ಯ, ಎಲ್ಲ ಅದರಲ್ಲಿ ಬಂತು. ಮತ್ತೊಂದು ನಮ್ಮದು, ಮನುಷ್ಯರದ್ದು. ದೇವರದ್ದಕ್ಕೆ ಎಂತ ಮಾಡ್ಲಿಕ್ಕೂ ಆಗುವುದಿಲ್ಲ. ಮನುಷ್ಯರದ್ದಕ್ಕೆ ಒಂದು ಸ್ವಿಚ್ಚು ಇದ್ದೇ ಇರ್ತದೆ. ಎಲ್ಲಿ ಉಂಟು ಅಂತ ಹುಡುಕಬೇಕು ಅಷ್ಟೆ."

"ಇದು ಯಾರದು?" ಎಂದರು ಅತ್ತೆ.

"ಇದು ನಮ್ಮದೇ ಮಾರಾಯ್ರೆ. ದೇವರು ಗಡಿಯಾರ ನೋಡಿ ಆರೂವರೆಗೆ ಬರುವುದಿಲ್ಲ."

ಆಮೇಲೆ ಅವರು ತೋರಿಸಿದ ಉಪಾಯ ಇದು. ಟ್ರಾನ್ಸಿಸ್ಟರಿನ ಒಳಗೆ ಒಂದು ಕಪ್ಪು ಕಡ್ಡಿ ಅಡ್ಡಲಾಗಿ ಇರುತ್ತದೆ. ಆ ಕಡ್ಡಿಯ ತುದಿ ಸದ್ದಿನ ಮೂಲದ ಕಡೆಗೆ ತಿರುಗಿದಾಗ ಸದ್ದು ಕ್ಷೀಣವಾಗುತ್ತದೆ. ಹಾಗೆ ತಿರುಗಿಸುತ್ತ, ಎರಡು ಮೂರು ಕಡೆ ನಿಂತು ನೋಡುತ್ತ ಹೋದರೆ ಕಳ್ಳ ಎಲ್ಲಿದ್ದಾನೆಂದು ತಿಳಿಯುತ್ತದೆ. ನಾನು ಈ ಕೆಲಸಕ್ಕೆ ಸೇರಿ ಆರು ವರ್ಷವಾಗಿತ್ತು, ಇದನ್ನು ಮೊದಲ ಸಲ ಕೇಳುತ್ತಿದ್ದೆ. ಆದರೂ "ಹೌದು ಹೌದು" ಎಂದು ತಲೆಯಾಡಿಸಿದೆ.

ಮರುದಿನ ಆರೂವರೆಗೆ ನಮ್ಮ ಮೆರವಣಿಗೆ ಹೊರಟಿತು. ಮುಂದೆ ರೇಡಿಯೊ ಹಿಡಿದ ಉಪಾಧ್ಯರು, ಹಿಂದೆ ಇಳಕಲ್ ಸೀರೆಯ ಅತ್ತೆ, ಅವರ ಸೆರಗು ಹಿಡಿದ ಮೇಘಾ, ಕೊನೆಯಲ್ಲಿ ನಾನು. ಒಂದೊಂದು ಬಾಗಿಲ ಮುಂದೆಯೂ ನಿಂತು ಉಪಾಧ್ಯರು ರೇಡಿಯೊವನ್ನು ಆರತಿಯಂತೆ ತಿರುಗಿಸುವರು. ಮೂರನೇ ಮಹಡಿಯಲ್ಲಿ ಪಾಟೀಲರು ಬಾಗಿಲು ತೆರೆದು, ನನ್ನನ್ನು ನೋಡಿ, ಏನೂ ಕೇಳದೆ ಪಂಪಿನ ಪ್ಲಗ್ಗು ಕೀಳಲು ಹೊರಟರು. ಬೇಡ ಬೇಡ ಎಂದು ಕೈಮುಗಿದೆ. ಇಳಿದಷ್ಟೂ ಸದ್ದು ಜೋರಾಯಿತು. ಎರಡನೇ ಮಹಡಿಯ ಎಡಗಡೆಯ ಬಾಗಿಲ ಮುಂದೆ ರೇಡಿಯೊ ಗರ್ಜಿಸಿತು.

ಅದು ಜೋಶಿ ಆಜಿಯ ಮನೆ; ಅಜ್ಜಿಗೆ ಮರಾಠಿಯಲ್ಲಿ ಆಜಿ. ಮಗ ಸೊಸೆ ಕೆಲಸ ಮುಗಿಸಿ ಬರುವುದು ಏಳೂವರೆಗೆ, ಅಲ್ಲಿಯವರೆಗೆ ಎಪ್ಪತ್ತೈದರ ಆಜಿಯದೇ ರಾಜ್ಯ. "ಉಘಡಂಚ್ ಆಹೇ, ಯಾ," ಎಂದು ಒಳಗಿಂದ ಕೂಗಿದರು, ಬಾಗಿಲು ತೆರೆದೇ ಇದೆ, ಬನ್ನಿ ಎಂದು. ಒಳಗೆ ಹೋದರೆ ಆಜಿ ಕುರ್ಚಿಯಲ್ಲಿ ಕೂತು, ಊದಿದ ಮೊಣಕಾಲಿಗೆ ದಿಂಬಿನಂಥದೊಂದು ವಸ್ತು ಕಟ್ಟಿಕೊಂಡಿದ್ದಾರೆ. ಅದರಿಂದ ಹೊರಟ ವೈರು ಗೋಡೆಯ ಪ್ಲಗ್ಗಿನಲ್ಲಿದೆ. ಕರೆಂಟಿನಿಂದ ಕಾಯುವ, ಶಾಖ ಕೊಡುವ ಪಟ್ಟಿ. ಮಗ ಹತ್ತು ದಿನದ ಹಿಂದೆ ಕಲ್ಯಾಣದಿಂದ ತಂದುಕೊಟ್ಟನಂತೆ. ಒಳಗಿನ ಪುಟ್ಟ ಸ್ವಿಚ್ಚು ಹೆಚ್ಚು ಬಿಸಿಯಾದಾಗ ತಾನೇ ಆರಿ, ತಣ್ಣಗಾದಾಗ ತಾನೇ ಹತ್ತುತ್ತದೆ. ಪ್ರತಿಸಲ ಹತ್ತುವಾಗಲೂ ಆರುವಾಗಲೂ ಒಳಗೆ ಕಿಡಿ. ಆ ಕಿಡಿಯೇ ನಮ್ಮ ಗರ್ರ್‌.

ಉಪಾಧ್ಯರು ಗೆದ್ದ ಮುಖದಿಂದ ಅತ್ತೆಯ ಕಡೆ ನೋಡಿದರು. ಅತ್ತೆ ಆಜಿಯ ಮೊಣಕಾಲನ್ನು ನೋಡುತ್ತಿದ್ದರು.

"ಇದು ಹಚ್ಚಿದ ಮೇಲೆ ಹೇಗಿದೆ?" ಎಂದು ಧಾರವಾಡದ ಧಾಟಿಯ ಮರಾಠಿಯಲ್ಲಿ ಕೇಳಿದರು.

ಈ ಮುಕ್ಕಾಲು ಗಂಟೆಯೇ ತನಗೆ ದಿನದಲ್ಲಿ ಸುಖದ ಹೊತ್ತು ಎಂದರು ಆಜಿ. ಇದಾದ ಮೇಲೆ ಎದ್ದು ದೇವರಿಗೆ ದೀಪ ಹಚ್ಚುವಷ್ಟು ಕಾಲು ಬರುತ್ತದಂತೆ. ನಂತರ, ನೀವೆಲ್ಲ ಯಾಕೆ ಬಂದಿರಿ ಎಂದು ಕೇಳಿದರು.

"ಸಹಜ್," ಎಂದರು ಅತ್ತೆ. "ನಿಮ್ಮನ್ನ ಮಾತಾಡಿಸಿ ಹೋಗೋಣ ಅಂತ."

ಚಹಾ ಕುಡಿದು ಹೊರಬಂದೆವು. ಮೆಟ್ಟಿಲ ಮೇಲೆ ನನಗೆ ತಡೆಯಲಾಗಲಿಲ್ಲ. "ಅತ್ತೆ, ಬುಧವಾರ ಒಂದೇ ಒಂದು ದಿನ, ಬರೀ ಕಾಲು ಗಂಟೆ ಆರಿಸಿ ಅಂತ ಕೇಳಬಹುದಿತ್ತಲ್ಲ?"

"ಹೆಂಗ ಕೇಳಲಿ ಸುಮಾ? ಆಕಿ ಕಾಲು ನೋಡಿದಿಲ್ಲೋ? ನಂದೇನು, ಹಾಡು. ಆಕೀದು ನೋವು." ಎರಡು ಮೆಟ್ಟಿಲು ಹತ್ತಿ ನಿಂತರು. "ಇರ್ಲಿ ಬಿಡು. ಗಂಗಕ್ಕನ ರೆಕಾರ್ಡೇ ಕೇಳ್ತೀನಿ."

ಹಾಗೆ ಹೇಳುವಾಗ ಅವರ ದನಿ ಎಷ್ಟು ಸಲೀಸಾಗಿತ್ತೆಂದರೆ, ಅದು ಸಲೀಸಲ್ಲ ಎಂದು ನನಗೆ ತಕ್ಷಣ ಗೊತ್ತಾಯಿತು. ಉಪಾಧ್ಯರು ಮಾತ್ರ ತಲೆ ತುರಿಸಿಕೊಂಡರು. "ಅಮ್ಮ, ಹಾಡು ಹಾಗಿರಲಿ. ಅಷ್ಟು ಕಿಡಿ ಹಾರುವ ಸಾಮಾನು ಕಾಲಿಗೆ ಕಟ್ಟಿಕೊಂಡು ಕೂತ್ಕೊಳ್ಳುವುದು ಒಳ್ಳೇದಲ್ಲ. ಒಂದಿನ ಸುಟ್ಟೀತು. ಹೇಳ್ಳಿಕ್ಕೇಬೇಕು."

ಮರುದಿನ ಸಂಜೆ ಆರುಗಂಟೆಗೆ ಅತ್ತೆ ಕಬ್ಬಿಣದ ತವೆಯ ಮೇಲೆ ಕಲ್ಲುಪ್ಪನ್ನು ಚಟಪಟ ಅನ್ನುವವರೆಗೆ ಹುರಿದರು. ಹಳೆಯ ಹತ್ತಿ ಸೀರೆಯ ತುಂಡಿನಲ್ಲಿ ಗಂಟು ಕಟ್ಟಿ, ತಟ್ಟೆಯಲ್ಲಿಟ್ಟುಕೊಂಡು ಎರಡು ಮಹಡಿ ಇಳಿದರು. ನಾನು ಹಿಂದೆ. ಆಜಿಯ ಕಾಲಿಗೆ ಕಟ್ಟಿದ್ದನ್ನು ಬಿಚ್ಚಿ, ನೆಲದ ಮೇಲೆ ಕೂತು, ಉಪ್ಪಿನ ಗಂಟಿನಿಂದ ಒತ್ತೊತ್ತಿ ಶಾಖ ಕೊಟ್ಟರು. ಆಜಿ "ಆಹಾಹಾ" ಎಂದು ಕಣ್ಣು ಮುಚ್ಚಿದ ಮೇಲೆ ಮೆಲ್ಲಗೆ ವಿಷಯ ತೆಗೆದರು. ಕಿಡಿ, ರೇಡಿಯೊ, ಪದ, ಬುಧವಾರ, ಎಲ್ಲವನ್ನೂ ಹೇಳಿದರು. ಕೆಮ್ಮನ್ನೂ ಬಿಡಲಿಲ್ಲ.

ಆಜಿ ಕಣ್ಣು ತೆರೆದರು. "ಅಗಂ ಬಾಈ! ಮಗ್ ಕಾಲ್ಚ್ ಸಾಂಗಾಯ್ಚಂ ನಾ!" ನಿನ್ನೆಯೇ ಹೇಳಬಾರದಿತ್ತೇ ಎಂದು ಗದರಿದರು. ಎಂಥ ಪದ, ಬೀಸುವಾಗ ಹಾಡುವುದೇ, ನಾನೂ ಹುಡುಗಿಯಾಗಿದ್ದಾಗ ತಾಯಿಯ ಜೊತೆ ಬೀಸುಕಲ್ಲಿಗೆ ಕೂರುತ್ತಿದ್ದೆ, ನನಗೂ ಕೇಳಬೇಕು ಎಂದರು. ಆದರೆ ಈ ಕಾಲಿನಲ್ಲಿ ನಾಲ್ಕನೇ ಮಹಡಿ ಹತ್ತುವುದು ಹೇಗೆ?

"ನೀವ್ಯಾಕ ಹತ್ತತೀರಿ? ರೇಡಿಯೊ ಇಳದು ಬರ್ತದ," ಎಂದರು ಅತ್ತೆ.

ಬುಧವಾರ ಬಂತು. ನಾಲ್ಕು ಗಂಟೆಯಿಂದಲೇ ಮಲಂಗಗಡದ ಬೆಟ್ಟದ ಮೇಲೆ ಕಪ್ಪು ಮೋಡ. ಅಕ್ಟೋಬರಿನ ಹಿಂದಿರುಗುವ ಮಳೆ ನಮ್ಮ ಕಡೆ ಸಿಡಿಲಿಲ್ಲದೆ ಬರುವುದೇ ಇಲ್ಲ. ಆರೂವರೆಗೆ ಆಜಿಯ ಮನೆಯಲ್ಲಿ ರೇಡಿಯೊ ಹಚ್ಚಿದರೆ ಗರ್ರ್‌ ಇಲ್ಲ, ಆದರೆ ಪ್ರತಿ ಮಿಂಚಿಗೂ ಬಟ್ಟೆ ಹರಿದಂತೆ ಪರ್ರ್‌ ಎನ್ನುತ್ತಿದೆ. ಸಾಲದ್ದಕ್ಕೆ ಎರಡನೇ ಮಹಡಿಯಲ್ಲಿ ಸುತ್ತಲೂ ಗೋಡೆಗಳು, ಧಾರವಾಡ ಬಾವಿಯೊಳಗಿಂದ ಮಾತಾಡಿದಂತೆ.

"ಇದು ದೇವರದ್ದು," ಎಂದೆ ನಾನು, ಪಾಠ ಒಪ್ಪಿಸುವವಳಂತೆ.

ಅಷ್ಟರಲ್ಲಿ ಉಪಾಧ್ಯರು ಬಿಸ್ಕತ್ತಿನ ಒಂದು ದೊಡ್ಡ ರಟ್ಟಿನ ಪೆಟ್ಟಿಗೆ ಹೊತ್ತು ಏದುಸಿರು ಬಿಡುತ್ತ ಬಂದರು. ಪೆಟ್ಟಿಗೆಯ ಸುತ್ತ ಹತ್ತಾರು ಸುತ್ತು ತಾಮ್ರದ ತಂತಿ, ತಂತಿಯ ತುದಿಗೆ ಹಳೆಯ ರೇಡಿಯೊದಿಂದ ಕಿತ್ತ ಸ್ಟೇಷನ್ ತಿರುಗಿಸುವ ಭಾಗ. "ಮಧ್ಯಾಹ್ನ ಊಟದ ರಷ್ಷಿನಲ್ಲೇ ಸುತ್ತಿದ್ದು," ಎಂದರು. ಅದನ್ನು ಟ್ರಾನ್ಸಿಸ್ಟರಿನ ಪಕ್ಕದಲ್ಲಿಟ್ಟು ಮೆಲ್ಲಗೆ ತಿರುವಿದರು. ಯಾವ ವೈರೂ ಸೇರಿಸಲಿಲ್ಲ, ಬರೀ ಪಕ್ಕದಲ್ಲಿಟ್ಟದ್ದಷ್ಟೇ. ಧಾರವಾಡ ಬಾವಿಯಿಂದ ಎದ್ದು ಬಂದು ಕೋಣೆಯಲ್ಲಿ ಕೂತಿತು! ಪೆಟ್ಟಿಗೆಯ ಅಂಚು ದಕ್ಷಿಣಕ್ಕೆ, ಧಾರವಾಡದ ಕಡೆಗೆ ಬರುವಂತೆ ಅವರು ನಿಲ್ಲಿಸಿದರು. ಹಾಗೆ ನಿಲ್ಲಿಸಿದರೆ ಪೂರ್ವದಲ್ಲಿದ್ದ ಮೋಡದ ಕಡೆಗೆ ಅದು ಅರೆಗಿವುಡಂತೆ. ಪರ್ರ್‌ ಪೂರ್ತಿ ಹೋಗಲಿಲ್ಲ, ಆದರೆ ಅರ್ಧಕ್ಕರ್ಧ ತಗ್ಗಿತು.

ಆರೂ ಮುಕ್ಕಾಲಿಗೆ ಹೆಸರುಗಳನ್ನು ಓದಿದರು. ಅತ್ತೆಯ ಹೆಸರು ಬಂದಾಗ ಮೇಘಾ "ಅಜ್ಜಿ, ಆಪ್ ಕಾ ನಾಮ್!" ಎಂದು ಕುಣಿದಳು. ಅತ್ತೆ ಅವಳ ಬಾಯಿ ಮುಚ್ಚಿದರು. ಆರು ಮಂದಿಯ ದನಿ ಶುರುವಾಯಿತು, ಒಂದೇ ಎಳೆತದಲ್ಲಿ, ಕಲ್ಲು ತಿರುಗಿದಂತೆ. ಅತ್ತೆ ಮಡಿಲಲ್ಲಿ ಕೈ ಕಟ್ಟಿ, ನೆಲ ನೋಡುತ್ತ ಕೂತಿದ್ದರು. ನಾಲ್ಕೈದು ನಿಮಿಷವಾದ ಮೇಲೆ ಉಳಿದ ದನಿಗಳು ಹಿಂದೆ ಸರಿದು ಒಂದೇ ಒಂದು ದನಿ ಉಳಿಯಿತು. ತೆಳ್ಳಗೆ, ಕೊಂಚ ನಡುಗುತ್ತ. ಆ ದನಿ ದಿನವೂ ನನ್ನನ್ನು ಎಬ್ಬಿಸುವ ದನಿಯೇ ಎಂದು ನಂಬಲು ನನಗೆ ಒಂದು ಗಳಿಗೆ ಬೇಕಾಯಿತು. ಒಂದು ಸಾಲು ಮುಗಿಯಿತು. ಎರಡನೆಯದು ಅರ್ಧಕ್ಕೆ ಬಂದಾಗ ಕಿಟಕಿ ಬೆಳ್ಳಗಾಯಿತು, ರೇಡಿಯೊ ಪರ್ರೆಂದು ಹರಿದುಹೋಯಿತು, ಅದರ ಹಿಂದೆಯೇ ಇಡೀ ಬಿಲ್ಡಿಂಗು ನಡುಗುವಂತೆ ಗುಡುಗು.

ಉಪಾಧ್ಯರು "ಛೆ!" ಎಂದು ಪೆಟ್ಟಿಗೆಗೆ ಕೈ ಹಾಕಿದರು. ಆದರೆ ಹಾಡು ನಿಂತಿರಲಿಲ್ಲ. ಅತ್ತೆ ಹಾಡುತ್ತಿದ್ದರು, ತಲೆ ಎತ್ತದೆ, ಅದೇ ಶ್ರುತಿಯಲ್ಲಿ, ಉಳಿದರ್ಧ ಸಾಲನ್ನು. ಗುಡುಗು ತಗ್ಗಿ ರೇಡಿಯೊದ ದನಿ ಮತ್ತೆ ತೇಲಿ ಬಂದಾಗ ಎರಡೂ ಒಂದೇ ಅಕ್ಷರದ ಮೇಲಿದ್ದವು. ಮೂರನೆಯ ಸಾಲನ್ನು ಇಬ್ಬರೂ ಹಾಡಿದರು, ರೇಡಿಯೊದ ಅತ್ತೆ, ಕುರ್ಚಿಯ ಅತ್ತೆ. ಉಪಾಧ್ಯರು ಪೆಟ್ಟಿಗೆಯಿಂದ ಕೈ ತೆಗೆದುಬಿಟ್ಟರು. ಜೋಶಿ ಆಜಿ ಕೈ ಚಾಚಿ ಅತ್ತೆಯ ತೋಳು ಹಿಡಿದುಕೊಂಡರು, ಪದ ಮುಗಿಯುವವರೆಗೂ ಬಿಡಲಿಲ್ಲ.

ಹೊರಗೆ ಮಳೆ ಹಿಡಿಯಿತು. ಅಷ್ಟರಲ್ಲಿ ಅತ್ತೆಯ ಮೊಬೈಲು ಹೊಡೆದುಕೊಂಡಿತು. ಗಂಗಕ್ಕ. ಅತ್ತೆ ಗಡಿಬಿಡಿಯಲ್ಲಿ ಸ್ಪೀಕರಿನ ಗುಂಡಿ ಒತ್ತಿದ್ದರಿಂದ ನಮಗೆಲ್ಲ ಕೇಳಿಸಿತು.

"ಕೇಳಿದ್ಯಾ? ನಿಮ್ಮಲ್ಲಿ ಕೇಳಿಸ್ತೇನ?"

"ಕೇಳಿಸ್ತ ಗಂಗಕ್ಕಾ, ಚೊಲೋತ್ನಂಗ ಕೇಳಿಸ್ತು!"

"ಪುಣ್ಯವಂತಿ ನೀನು," ಎಂದಿತು ಆ ಕಡೆಯ ದನಿ, ಅಳುವಂತಾಗಿ. "ಇಲ್ಲೆ ಬಾಜೂ ಮನ್ಯಾಗ ಮನಿ ಒಕ್ಕಲಾಗ್ಯಾರ. ಮುಂಜಾನಿಂದ ಲೌಡ್‌ಸ್ಪೀಕರ್ ಹಚ್ಚ್ಯಾರ. ಸ್ಟೇಷನ್ ನಮ್ಮ ಮನಿಯಿಂದ ನಡಕೋತ ಹೋಗೂ ಅಷ್ಟು ಹತ್ರ ಅದ, ಒಂದಕ್ಷರ ಕೇಳ್ಸಲಿಲ್ಲ ನೋಡವಾ! ನಾವು ಐದೂ ಮಂದಿ ರೇಡಿಯೊ ಸುತ್ತ ಕಿವಿ ಹಚ್ಚಿ ಕೂತಿದ್ವಿ!"

ಉಪಾಧ್ಯರು ಬಾಯಿಗೆ ಕೈ ಅಡ್ಡ ಹಿಡಿದು ನಗು ತಡೆದರು. ಅತ್ತೆ ನಗಲಿಲ್ಲ. ಫೋನನ್ನು ಮುಖದ ಹತ್ತಿರ ತಂದರು.

"ಅಳಬ್ಯಾಡ. ಎಲ್ಲಾರೂ ಇದ್ದೀರಲ್ಲ ಅಲ್ಲೆ? ಹಿತ್ತಲ ಖೋಲಿಗೆ ಹೋಗ್ರಿ, ಬಾಗಲಾ ಹಾಕ್ಕೋರಿ. ಹಾಕ್ಕೊಂಡ್ರೇನು? ಹಾಂ, ಈಗ ಕೇಳ್ರಿ."

ಜೋಶಿ ಆಜಿ ಗೋಡೆಯ ಸ್ವಿಚ್ಚಿನ ಕಡೆ ಕೈ ತೋರಿಸಿದರು. ನಾನು ಎದ್ದು ಫ್ಯಾನು ಆರಿಸಿದೆ, ಅದರ ಕಿರಿಕಿರಿ ಬೇಡವೆಂದು. ಆ ಸೆಕೆಯಲ್ಲಿ ನಾವೆಲ್ಲ ಬೆವರುತ್ತ ಕೂತೆವು. ಅತ್ತೆ ಮೊದಲಿನಿಂದ, ಒಂದು ಸಾಲೂ ಬಿಡದೆ, ಇಡೀ ಪದವನ್ನು ಹಾಡಿದರು. ಎರಡನೆಯ ನುಡಿಗೆ ಬರುವಷ್ಟರಲ್ಲಿ ಆ ಕಡೆಯಿಂದ ಗಂಗಕ್ಕ ದನಿಗೂಡಿಸಿದರು, ಆಮೇಲೆ ಒಬ್ಬೊಬ್ಬರಾಗಿ ಉಳಿದ ನಾಲ್ವರೂ.